ಕೊನೆಯ ಪುಟದ ಅಂಕಿಗಿಂತ ಮೊದಲು ಊಹೆಗಳ ಪಟ್ಟಿ ಬಿಚ್ಚಿಡಿ

ನಗರಾಭಿವೃದ್ಧಿ ಪ್ರಾಧಿಕಾರಗಳ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರು, ಆಯುಕ್ತರು ಹಾಗೂ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಊರಂಚಿನ ಜಮೀನಿನಲ್ಲಿ ಬಡಾವಣೆ, ಹಳೆಯ ಮಾರುಕಟ್ಟೆಯ ಜಾಗದಲ್ಲಿ ವಾಣಿಜ್ಯ ಸಂಕೀರ್ಣ, ಬಸ್ ಡಿಪೊ ಮೇಲೆ ಕಚೇರಿ ಕಟ್ಟಡ. ಯೋಜನೆ ಯಾವುದೇ ಇರಲಿ, ನಿಮ್ಮ ಸಭೆಗೆ ಬರುವ ಕಡತದಲ್ಲಿ ಎರಡು ದಾಖಲೆ ಇದ್ದೇ ಇರುತ್ತವೆ. ಒಂದು ಆಸ್ತಿಯ ಮೌಲ್ಯಮಾಪನ ವರದಿ, ಇನ್ನೊಂದು ಆರ್ಥಿಕ ಕಾರ್ಯಸಾಧ್ಯತಾ ವರದಿ. ಇವೆರಡನ್ನೂ ತಯಾರಿಸಿಕೊಡುವುದು ನಮ್ಮ ವೃತ್ತಿ. ವರದಿಯ ಕೊನೆಯ ಪುಟದ ಅಂಕಿಯನ್ನು ಸಭೆ ಓದುತ್ತದೆ, ಪತ್ರಿಕೆಗಳು ಅಚ್ಚು ಹಾಕುತ್ತವೆ, ಬ್ಯಾಂಕು ಸಾಲ ಕೊಡುತ್ತದೆ. ಆ ಅಂಕಿ ಹುಟ್ಟಿದ್ದು ಯಾವ ಊಹೆಗಳಿಂದ ಎಂಬ ಪಟ್ಟಿ ಮಾತ್ರ ಅನುಬಂಧದಲ್ಲೆಲ್ಲೋ ಉಳಿದುಬಿಡುತ್ತದೆ. ಎಷ್ಟೋ ಸಲ ಅನುಬಂಧದಲ್ಲೂ ಇರುವುದಿಲ್ಲ. ನಮ್ಮ ಕೋರಿಕೆ ಒಂದೇ: ಯೋಜನೆಗೆ ಮಂಜೂರಾತಿ ಕೊಡುವ ಮೊದಲೇ ಆ ಪಟ್ಟಿಯನ್ನು ಜನರ ಮುಂದಿಡಿ. ಅದು ಯಾಕೆ ಬೇಕು, ಅದರಲ್ಲಿ ಏನಿರಬೇಕು ಎಂಬುದನ್ನು ವಿವರಿಸಲು ಈ ಪತ್ರ.

ಕಾರ್ಯಾದೇಶ ನಮ್ಮ ಕೈಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ದೊಡ್ಡ ತೀರ್ಮಾನಗಳೆಲ್ಲ ಮುಗಿದಿರುತ್ತವೆ. ಜಾಗ ಗೊತ್ತಾಗಿರುತ್ತದೆ, ನಕ್ಷೆ ತಯಾರಾಗಿರುತ್ತದೆ, ಎಷ್ಟು ಮಹಡಿ ಎಂಬುದೂ ಘೋಷಣೆಯಾಗಿರುತ್ತದೆ. ಆಮೇಲೆ ಕಾರ್ಯಸಾಧ್ಯತೆ ಪರಿಶೀಲಿಸಿ ಎಂದರೆ ವರದಿಗೆ ಉಳಿಯುವುದು ಆಗಿಹೋದ ತೀರ್ಮಾನಕ್ಕೆ ಲೆಕ್ಕ ಹೊಂದಿಸುವ ಕೆಲಸ. ಈ ಕ್ರಮ ತಿರುಗಬೇಕು. ನಕ್ಷೆಗೆ ಕೈ ಹಾಕುವ ಮೊದಲೇ ಒಂದು ಒರಟು ಲೆಕ್ಕ ಬೇಕು. ಆ ಜಾಗದಲ್ಲಿ ಭೌತಿಕವಾಗಿ ಏನು ಕಟ್ಟಬಹುದು, ಕಾನೂನು ಯಾವುದಕ್ಕೆ ಅವಕಾಶ ಕೊಡುತ್ತದೆ, ಅವುಗಳಲ್ಲಿ ಯಾವುದು ಹಾಕಿದ ಹಣವನ್ನು ಮರಳಿಸುತ್ತದೆ, ಮರಳಿಸುವವುಗಳಲ್ಲಿ ಯಾವುದು ಜಮೀನಿಗೆ ಅತಿ ಹೆಚ್ಚಿನ ಮೌಲ್ಯ ತರುತ್ತದೆ. ಮೌಲ್ಯಮಾಪನದಲ್ಲಿ ಈ ನಾಲ್ಕು ಪರೀಕ್ಷೆಗಳು ಇದೇ ಅನುಕ್ರಮದಲ್ಲಿ ನಡೆಯುತ್ತವೆ. ಮೊದಲೆರಡರಲ್ಲಿ ಬಿದ್ದುಹೋದದ್ದಕ್ಕೆ ಮುಂದಿನೆರಡರ ಲೆಕ್ಕವೇ ಬೇಕಿಲ್ಲ. ಆಯ್ಕೆಗಳ ಪಟ್ಟಿಯಲ್ಲಿ ‘ಸದ್ಯಕ್ಕೆ ಏನೂ ಮಾಡದಿರುವುದು’ ಎಂಬುದೂ ಇರಲೇಬೇಕು. ಅದಿಲ್ಲದಿದ್ದರೆ ಯೋಜನೆಯ ಲಾಭವನ್ನು ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ.

ಇನ್ನು ಮೌಲ್ಯ. ಒಂದೇ ಜಮೀನಿಗೆ ಒಂದೇ ದಿನ ಮೂರು ಬೇರೆ ಬೇರೆ ಮೌಲ್ಯ ಬರಬಹುದು, ಮೂರೂ ಸರಿಯಾಗಿರಬಹುದು. ಅಂತರರಾಷ್ಟ್ರೀಯ ಮೌಲ್ಯಮಾಪನ ಮಾನದಂಡಗಳ ಪ್ರಕಾರ ಮಾರುಕಟ್ಟೆ ಮೌಲ್ಯ ಅಂದರೆ ಕೊಳ್ಳುವ ಮನಸ್ಸಿರುವವರು ಮತ್ತು ಮಾರುವ ಮನಸ್ಸಿರುವವರು, ಪರಸ್ಪರ ಸಂಬಂಧವಿಲ್ಲದವರು, ಮಾರಾಟಕ್ಕೆ ಸಾಕಷ್ಟು ಪ್ರಚಾರ ಸಿಕ್ಕಮೇಲೆ, ವಿಷಯ ತಿಳಿದು, ಒತ್ತಾಯವಿಲ್ಲದೆ ಒಂದು ನಿರ್ದಿಷ್ಟ ದಿನ ಒಪ್ಪಬಹುದಾದ ಅಂದಾಜು ಮೊತ್ತ. ಈ ಮಾನದಂಡಗಳ ಈಗಿನ ಆವೃತ್ತಿ 2025ರ ಜನವರಿ 31ರಿಂದ ಜಾರಿಯಲ್ಲಿದೆ. ಪಕ್ಕದ ಜಮೀನಿನ ಮಾಲೀಕನಿಗೆ ಅದೇ ಜಾಗ ರಸ್ತೆಗೆ ದಾರಿ ಕೊಡುವುದರಿಂದ ಹೆಚ್ಚು ಬೆಲೆ ಬಾಳಬಹುದು; ಅದು ಆತನಿಗೆ ಮಾತ್ರ ಸಲ್ಲುವ ಹೂಡಿಕೆ ಮೌಲ್ಯ. ಮೂರು ತಿಂಗಳೊಳಗೆ ಮಾರಲೇಬೇಕೆಂಬ ಒತ್ತಡವಿದ್ದರೆ ಸಿಗುವುದು ಇನ್ನೊಂದು, ಕಡಿಮೆಯ ಅಂಕಿ. ನೋಂದಣಿ ಶುಲ್ಕಕ್ಕಾಗಿ ಸರ್ಕಾರ ಗೊತ್ತುಮಾಡಿದ ದರ ಇವು ಮೂರಕ್ಕೂ ಸೇರದ್ದು. ಅದು ತೆರಿಗೆ ವಸೂಲಿಯ ಅನುಕೂಲಕ್ಕೆ ಇಡೀ ಬೀದಿಗೋ ವಲಯಕ್ಕೋ ಒಟ್ಟಾಗಿ ಹಾಕಿದ ದರ. ಯಾವ ಮೌಲ್ಯ ಬೇಕು, ಯಾವ ದಿನಾಂಕಕ್ಕೆ ಬೇಕು, ಯಾವ ಉದ್ದೇಶಕ್ಕೆ ಬೇಕು ಎಂಬ ಮೂರು ಮಾತು ಕಾರ್ಯಾದೇಶದಲ್ಲಿ ಇಲ್ಲದಿದ್ದರೆ ಬಂದ ವರದಿಯನ್ನು ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಿಬಿಡುತ್ತಾರೆ.

ಮಾರುಕಟ್ಟೆ ಮೌಲ್ಯ ಕಟ್ಟಲು ಹೋಲಿಕೆಗೆ ತೆಗೆದುಕೊಳ್ಳುವ ಮಾರಾಟಗಳಲ್ಲೇ ಅರ್ಧ ತಪ್ಪು ನುಸುಳುತ್ತದೆ. ಜಾಹೀರಾತಿನಲ್ಲಿ ಕೇಳಿದ ಬೆಲೆ ಮಾರಾಟದ ಬೆಲೆಯಲ್ಲ. ಕ್ರಯಪತ್ರದಲ್ಲಿ ಬರೆದ ಮೊತ್ತವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಶುಲ್ಕ ಉಳಿಸಲು ಕಡಿಮೆ ಬರೆಸುವುದುಂಟು, ಸಾಲ ಹೆಚ್ಚಿಸಿಕೊಳ್ಳಲು ಜಾಸ್ತಿ ಬರೆಸುವುದೂ ಉಂಟು. ಅಣ್ಣತಮ್ಮಂದಿರ ನಡುವೆ ಆದ ಕ್ರಯ, ಕಂತಿನಲ್ಲಿ ಹಣ ಕೊಟ್ಟ ಕ್ರಯ, ಹರಾಜಿನಲ್ಲಿ ಆತುರಕ್ಕೆ ಹೋದ ಆಸ್ತಿ, ಇವುಗಳ ಬೆಲೆಯನ್ನು ವ್ಯತ್ಯಾಸಕ್ಕೆ ತಕ್ಕಂತೆ ತಿದ್ದದೆ ಬಳಸುವಂತಿಲ್ಲ. ತಿದ್ದುವುದಕ್ಕೂ ಕ್ರಮವಿದೆ. ಮೊದಲು ಹಕ್ಕು, ಪಾವತಿ ಷರತ್ತು, ಮಾರಾಟದ ಸಂದರ್ಭ, ದಿನಾಂಕ. ಆಮೇಲೆ ಸ್ಥಳ, ಅಳತೆ, ಆಕಾರ, ರಸ್ತೆ ಅಗಲ. ವರದಿ ಓದುವವರು ಇಲ್ಲೊಂದು ಅಂಶ ಗಮನಿಸಬೇಕು. ಒಂದು ಹೋಲಿಕೆಗೆ ಶೇ 30 ಕೂಡಿಸಿ, ಬೇರೆ ಕಾರಣಕ್ಕೆ ಶೇ 28 ಕಳೆದರೆ ನಿವ್ವಳ ತಿದ್ದುಪಡಿ ಶೇ 2 ಮಾತ್ರ ಎಂದು ಕಾಣುತ್ತದೆ, ನೋಡಲು ಬಲು ಒಳ್ಳೆಯ ಹೋಲಿಕೆ ಅನಿಸುತ್ತದೆ. ನಿಜದಲ್ಲಿ ಅದರ ಮೇಲೆ ಆಗಿರುವ ತಿದ್ದುಪಡಿ ಒಟ್ಟು ಶೇ 58. ಅಷ್ಟು ತಿದ್ದಬೇಕಾದ ಆಸ್ತಿ ಹೋಲಿಕೆಗೇ ತಕ್ಕದ್ದಲ್ಲ ಎನ್ನುವುದು ನಮ್ಮ ಅಭಿಪ್ರಾಯ. ನಿವ್ವಳ ಮೊತ್ತದ ಜೊತೆ ಈ ಒಟ್ಟು ಮೊತ್ತವನ್ನೂ ಕೇಳಿ ಪಡೆಯಿರಿ. ವಿಸ್ತೀರ್ಣದ ಅಳತೆಯೂ ಹಾಗೆಯೇ. ಒಂದು ಹೋಲಿಕೆ ಗೋಡೆಯೊಳಗಿನ ಕಾರ್ಪೆಟ್ ಅಳತೆಯಲ್ಲಿ, ಇನ್ನೊಂದು ಮೆಟ್ಟಿಲು, ಲಿಫ್ಟು, ಮೊಗಸಾಲೆ ಎಲ್ಲ ಸೇರಿಸಿದ ಅಳತೆಯಲ್ಲಿ ಇದ್ದರೆ ಎರಡರ ದರವನ್ನು ಒಂದೇ ಕೋಷ್ಟಕದಲ್ಲಿ ಕೂರಿಸಿ ಸರಾಸರಿ ತೆಗೆಯುವುದರಲ್ಲಿ ಅರ್ಥವಿಲ್ಲ.

ಈಗ ಒಂದು ಲೆಕ್ಕವನ್ನು ಪೂರ್ತಿಯಾಗಿ ನೋಡೋಣ. ನಾವು ಹೇಳಬೇಕಾದ್ದೆಲ್ಲ ಇದರೊಳಗಿದೆ.

6 ಹೆಕ್ಟೇರ್, ಅಂದರೆ 60,000 ಚದರ ಮೀಟರ್ ಜಮೀನು. ಹತ್ತಿರದಲ್ಲೇ ರಸ್ತೆ, ನೀರು, ಚರಂಡಿ ಎಲ್ಲ ಇರುವ 400 ಚದರ ಮೀಟರ್ ನಿವೇಶನ ಚದರ ಮೀಟರಿಗೆ 100ರಂತೆ ಮಾರಾಟವಾಗಿದೆ. ನಾಣ್ಯ ಯಾವುದಾದರೂ ಆಗಲಿ, ಲೆಕ್ಕ ಅದೇ. ಅವಸರದ ವರದಿ 60,000ವನ್ನು 100ರಿಂದ ಗುಣಿಸಿ ಜಮೀನಿನ ಮೌಲ್ಯ 60 ಲಕ್ಷ ಎಂದು ಬರೆಯುತ್ತದೆ. ಆದರೆ ಈ ಜಮೀನಿನಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಶೇ 40 ಬಿಡಬೇಕು. ಮಾರಲು ಸಿಗುವುದು 36,000 ಚದರ ಮೀಟರ್, ಅದರಿಂದ ಬರುವುದು 36 ಲಕ್ಷ. ಒಟ್ಟು ವಿಸ್ತೀರ್ಣದ ಮೇಲೆ ಚದರ ಮೀಟರಿಗೆ 25ರಂತೆ ರಸ್ತೆ, ಮಳೆನೀರು ಚರಂಡಿ, ಒಳಚರಂಡಿ, ನೀರು, ವಿದ್ಯುತ್ತಿಗೆ 15 ಲಕ್ಷ ಖರ್ಚು. ಮಾರಾಟದ ಖರ್ಚು, ಬಡ್ಡಿ, ಅಪಾಯಕ್ಕೆ ತಕ್ಕ ಲಾಭ ಸೇರಿ ಆದಾಯದ ಶೇ 25, ಅಂದರೆ 9 ಲಕ್ಷ. ಉಳಿಯುವುದು 12 ಲಕ್ಷ. ಚದರ ಮೀಟರಿಗೆ 20. ಅವಸರದ ವರದಿ ಕೊಟ್ಟ ಅಂಕಿಯ ಐದನೇ ಒಂದು ಪಾಲು.

ಇದನ್ನೇ ಶೇಷ ಮೌಲ್ಯ ವಿಧಾನ ಎನ್ನುವುದು. ಬರುವ ಆದಾಯದಿಂದ ಎಲ್ಲ ಖರ್ಚು ಮತ್ತು ಲಾಭ ಕಳೆದು ಉಳಿದದ್ದು ಜಮೀನಿಗೆ ಕೊಡಬಹುದಾದ ಬೆಲೆ. ಭೂಮಿಯ ಬಾಡಿಗೆ ಬೆಳೆಯ ಬೆಲೆಯನ್ನು ನಿರ್ಧರಿಸುವುದಿಲ್ಲ, ಬೆಳೆಯ ಬೆಲೆಯೇ ಬಾಡಿಗೆಯನ್ನು ನಿರ್ಧರಿಸುತ್ತದೆ ಎಂದು ಡೇವಿಡ್ ರಿಕಾರ್ಡೊ 1817ರಲ್ಲೇ ವಾದಿಸಿದ್ದ. ಜಮೀನಿನ ಬೆಲೆ ಲೆಕ್ಕದ ಕೊನೆಯಲ್ಲಿ ಬರಬೇಕು. ಅದನ್ನು ಮೊದಲೇ ಒಪ್ಪಿಕೊಂಡು ಸಹಿ ಹಾಕಿ, ಆಮೇಲೆ ಆ ಬೆಲೆ ಹೊಂದುವ ಹಾಗೆ ಮಾರಾಟದ ದರವನ್ನು ಏರಿಸಿ ಬರೆಯುವುದು ನಾವು ಕಾಣುವ ಅತ್ಯಂತ ಸಾಮಾನ್ಯವಾದ ಮತ್ತು ಅತ್ಯಂತ ದುಬಾರಿಯಾದ ತಪ್ಪು.

ಇದೇ ಲೆಕ್ಕದಲ್ಲಿ ಒಂದೊಂದೇ ಊಹೆಯನ್ನು ಸ್ವಲ್ಪ ಸರಿಸಿ ನೋಡಿ. ಸರ್ವೆ ಮಾಡಿದಾಗ ಜಮೀನಿನ ಅಂಚಿನಲ್ಲಿ ರಾಜಕಾಲುವೆ ಇದೆ, ಅದಕ್ಕೆ ಮೀಸಲು ಪ್ರದೇಶ ಬಿಡಬೇಕು, ಮಾರಬಹುದಾದ ಪಾಲು ಶೇ 60ರಿಂದ 55ಕ್ಕೆ ಇಳಿಯಿತು ಎನ್ನೋಣ. ಆದಾಯ 33 ಲಕ್ಷ. 15 ಲಕ್ಷ ಮತ್ತು ಶೇ 25 ಕಳೆದರೆ ಉಳಿಯುವುದು 9.75 ಲಕ್ಷ, ಚದರ ಮೀಟರಿಗೆ 20 ಇದ್ದದ್ದು 16.25 ಆಯಿತು. ಪಾಲು ಹಾಗೆಯೇ ಉಳಿದು ಮಾರಾಟದ ದರ ಮಾತ್ರ ಶೇ 10 ಕಡಿಮೆಯಾದರೆ 15.5. ದರ ಶೇ 10 ಇಳಿದು, ನೆಲದಡಿ ಬಂಡೆ ಸಿಕ್ಕಿ ಕಾಮಗಾರಿ ಖರ್ಚು ಶೇ 20 ಏರಿದರೆ 10.5. ಮೂರೂ ಒಟ್ಟಿಗೆ ಆದರೆ ಆದಾಯ 29.7 ಲಕ್ಷ, ಖರ್ಚು 18 ಲಕ್ಷ, ಶೇ 25ರ ಬಾಬ್ತು 7.43 ಲಕ್ಷ. ಉಳಿಯುವುದು 4.27 ಲಕ್ಷ, ಚದರ ಮೀಟರಿಗೆ 7ರ ಆಸುಪಾಸು. ಮೂರು ಬದಲಾವಣೆಗಳಲ್ಲಿ ಒಂದೂ ಅಸಾಧಾರಣವಲ್ಲ, ಕೆಲಸದ ಜಾಗದಲ್ಲಿ ದಿನಬೆಳಗಾದರೆ ಎದುರಾಗುವಂಥವು. ಆದರೂ ಜಮೀನಿನ ಮೌಲ್ಯ ಮೂರನೇ ಒಂದಕ್ಕೆ ಬಂತು. ಉಳಿಕೆ ಸಣ್ಣದಾದಷ್ಟೂ ಮೇಲಿನ ಸಾಲುಗಳ ಸಣ್ಣ ತಪ್ಪು ಕೆಳಗೆ ದೊಡ್ಡದಾಗಿ ಕಾಣುತ್ತದೆ. ಹೀಗಿರುವಾಗ ‘ಮೌಲ್ಯ 12 ಲಕ್ಷ’ ಎಂದು ಒಂದೇ ಅಂಕಿ ಕೊಟ್ಟು ಸುಮ್ಮನಾಗುವ ವರದಿ ನಿಮಗೆ ಹೇಳಬೇಕಾದ್ದನ್ನು ಹೇಳಿಲ್ಲ.

ಕಾಲದ ಲೆಕ್ಕ ಇದಕ್ಕಿಂತ ಹೆಚ್ಚು ಮೋಸ ಮಾಡುತ್ತದೆ, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಮೇಲಿನ 36,000 ಚದರ ಮೀಟರಿನಲ್ಲಿ 400ರಂತೆ 90 ನಿವೇಶನ. ವರದಿ 2 ವರ್ಷದಲ್ಲಿ ಎಲ್ಲ ಮಾರಾಟವಾಗುತ್ತದೆ ಎನ್ನುತ್ತದೆ. ಅಂದರೆ ವರ್ಷಕ್ಕೆ 45. ಆ ಭಾಗದಲ್ಲಿ ಎಲ್ಲ ಬಡಾವಣೆಗಳೂ ಸೇರಿ ವರ್ಷಕ್ಕೆ 60 ನಿವೇಶನ ಮಾರುತ್ತಿದ್ದರೆ, ಈ ಯೋಜನೆಯೊಂದೇ ಮುಕ್ಕಾಲು ಮಾರುಕಟ್ಟೆಯನ್ನು ಹಿಡಿಯಬೇಕಾಗುತ್ತದೆ. ಮೂರನೇ ಒಂದರಷ್ಟು ಪಾಲು ಸಿಕ್ಕರೂ ಅದು ಉತ್ತಮ ಸಾಧನೆಯೇ, ಆಗ ಮಾರಾಟಕ್ಕೆ ಸುಮಾರು 5 ವರ್ಷ ಬೇಕು. ದರ ಒಂದಿಷ್ಟೂ ಇಳಿಯಲಿಲ್ಲ ಎಂದುಕೊಂಡರೂ, ಶೇ 12ರ ರಿಯಾಯಿತಿ ದರದಲ್ಲಿ (ಮುಂದೆ ಬರುವ ಹಣವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ವಾರ್ಷಿಕ ದರ) 2 ವರ್ಷದಲ್ಲಿ ಸಮನಾಗಿ ಬರುವ 36 ಲಕ್ಷದ ಇಂದಿನ ಮೌಲ್ಯ 30.4 ಲಕ್ಷ, 5 ವರ್ಷದಲ್ಲಿ ಬಂದರೆ ಸುಮಾರು 26 ಲಕ್ಷ. ವ್ಯತ್ಯಾಸ 4.5 ಲಕ್ಷದ ಹತ್ತಿರ. ರಸ್ತೆ ಚರಂಡಿಯ ಖರ್ಚು ಮಾರಾಟ ನಿಧಾನವಾಯಿತೆಂದು ಮುಂದಕ್ಕೆ ಹೋಗುವುದಿಲ್ಲ, ಅದು ಮೊದಲೇ ಆಗಿಬಿಟ್ಟಿರುತ್ತದೆ. ಹಾಗಾಗಿ ಆ 4.5 ಲಕ್ಷ ಪೂರ್ತಿ ಜಮೀನಿನ 12 ಲಕ್ಷದಿಂದಲೇ ಹೋಗಬೇಕು. ಮಾರಾಟದ ವೇಗ ಎಂಬ ಸಾಲು ಎಕ್ಸೆಲ್ ಶೀಟಿನಲ್ಲಿ ಒಂದೇ ಒಂದು ಕೋಶ. ಅದರಲ್ಲಿ 5ರ ಬದಲು 2 ಎಂದು ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂದು ಯಾರೂ ಕೇಳುವುದಿಲ್ಲ.

ಯೋಜನೆ ಒಳ್ಳೆಯದಾಗಿದ್ದೂ ಕಾಲ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಕ್ಯಾನರಿ ವಾರ್ಫ್ ದೊಡ್ಡ ಉದಾಹರಣೆ. ಪಾಳುಬಿದ್ದ ಬಂದರು ಪ್ರದೇಶದ ಪುನರಭಿವೃದ್ಧಿಗೆ 1981ರಲ್ಲಿ ನಿಗಮ ರಚನೆಯಾಯಿತು, 1987ರಲ್ಲಿ ಲಘು ರೈಲು ಬಂತು, ಗೋಪುರಗಳು ಎದ್ದವು. ಕಚೇರಿ ಮಾರುಕಟ್ಟೆ ಕುಸಿದ ಹೊತ್ತಿಗೆ ದೊಡ್ಡ ಮಟ್ಟದ ಜಾಗ ಖಾಲಿ ಇತ್ತು, ಜನರನ್ನು ಸಾಗಿಸಬೇಕಿದ್ದ ಜುಬಿಲಿ ಸುರಂಗ ಮಾರ್ಗದ ವಿಸ್ತರಣೆ ಇನ್ನೂ ಆಗಿರಲಿಲ್ಲ. ಕಟ್ಟಿದ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ 1992ರಲ್ಲಿ ದಿವಾಳಿಯಾಯಿತು. ಆ ರೈಲು ಮಾರ್ಗ ತೆರೆದದ್ದು 1999ರಲ್ಲಿ. ಇವತ್ತು ಕ್ಯಾನರಿ ವಾರ್ಫ್ ಜಗತ್ತಿನ ಪ್ರಮುಖ ಹಣಕಾಸು ಕೇಂದ್ರಗಳಲ್ಲೊಂದು. ಬೇಡಿಕೆಯ ಅಂದಾಜು ದೀರ್ಘಾವಧಿಯಲ್ಲಿ ಸುಳ್ಳಾಗಲಿಲ್ಲ, ಆದರೆ ಸಾಲದ ಕಂತು ಅಷ್ಟು ವರ್ಷ ಕಾಯಲಿಲ್ಲ. ನಿಮ್ಮ ಯೋಜನೆಯ ವರದಿಯಲ್ಲಿ ಮೆಟ್ರೊ ಬರುತ್ತದೆ, ವರ್ತುಲ ರಸ್ತೆ ಬರುತ್ತದೆ ಎಂಬ ಊಹೆಯಿದ್ದರೆ, ಅದು ಮೂರು ವರ್ಷ ತಡವಾದರೆ ನಗದು ಹರಿವು ಏನಾಗುತ್ತದೆ ಎಂಬ ಪ್ರತ್ಯೇಕ ಲೆಕ್ಕ ಇರಲೇಬೇಕು.

ರಿಯಾಯಿತಿ ದರದ ಬಗ್ಗೆ ಎರಡೇ ಮಾತು. ಹಣದುಬ್ಬರ ಸೇರಿಸಿ ಬೆಳೆಸಿದ ಆದಾಯವನ್ನು, ಹಣದುಬ್ಬರ ಇಲ್ಲದ ದರದಿಂದ ಇಳಿಸಿ ಲೆಕ್ಕ ಹಾಕಿರುವ ವರದಿಗಳು ಈಗಲೂ ಬರುತ್ತಿವೆ. ನೈಜ ದರ ಶೇ 6, ಹಣದುಬ್ಬರ ಶೇ 5 ಇದ್ದರೆ ಬಳಸಬೇಕಾದ ದರ ಶೇ 11.3. ಅಲ್ಲಿ ಶೇ 6 ಬಳಸಿದರೆ ಯಾವ ಯೋಜನೆಯೂ ಲಾಭದಾಯಕವಾಗಿಯೇ ಕಾಣುತ್ತದೆ. ಬಾಡಿಗೆ ಬರುವ ಕಟ್ಟಡಗಳಲ್ಲಿ ಹತ್ತನೇ ವರ್ಷದ ಕೊನೆಗೆ ಆಸ್ತಿಯನ್ನು ಮಾರಿದರೆ ಸಿಗುವ ಮೊತ್ತದ ಮೇಲೂ ಕಣ್ಣಿಡಿ. ವರ್ಷಕ್ಕೆ 100 ನಿವ್ವಳ ಬಾಡಿಗೆ, ರಿಯಾಯಿತಿ ದರ ಶೇ 11, ಕೊನೆಯ ಮಾರಾಟಕ್ಕೆ ಶೇ 8ರ ಪ್ರತಿಫಲ ದರ (ಅಂದರೆ ವರ್ಷದ ಬಾಡಿಗೆ ಮಾರಾಟದ ಬೆಲೆಯ ಶೇ 8) ಎಂದು ಹಿಡಿದರೆ ಇಂದಿನ ಒಟ್ಟು ಮೌಲ್ಯ 1,029. ಅದರಲ್ಲಿ 440 ಆ ಒಂದು ಕೊನೆಯ ಮಾರಾಟದಿಂದಲೇ ಬರುವಂಥದ್ದು. ಹತ್ತು ವರ್ಷ ಆಚೆಗೆ ನಡೆಯಬೇಕಾದ, ಯಾರೂ ಖಾತ್ರಿ ಕೊಡದ ಮಾರಾಟ ಅದು.

ಹಣಕಾಸಿನ ಲೆಕ್ಕ ಬೇರೆ, ಸಮಾಜದ ದೃಷ್ಟಿಯ ಆರ್ಥಿಕ ಲೆಕ್ಕ ಬೇರೆ. ಮೊದಲನೆಯದು ಯೋಜನೆಗೆ ಹಣ ಹಾಕಿದವರಿಗೆ ಎಷ್ಟು ಮರಳುತ್ತದೆ ಎಂದು ಕೇಳುತ್ತದೆ. ಎರಡನೆಯದು ಇಡೀ ನಗರಕ್ಕೆ ಒಟ್ಟಾರೆ ಲಾಭವಿದೆಯೇ ಎಂದು ಕೇಳುತ್ತದೆ. ಎರಡನೆಯದರಲ್ಲಿ ತೆರಿಗೆ ಮತ್ತು ಸಹಾಯಧನ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುವ ಹಣ. ಅವನ್ನು ಲಾಭವೆಂದು ಬರೆಯುವಂತಿಲ್ಲ. ಇಲ್ಲಿ ಪದೇ ಪದೇ ಆಗುವ ತಪ್ಪು ಒಂದೇ ಲಾಭವನ್ನು ಎರಡು ಸಲ ಎಣಿಸುವುದು. ಹೊಸ ಮಾರ್ಗದಿಂದ ಜನರಿಗೆ ಪ್ರಯಾಣದ ಸಮಯ ಉಳಿಯುತ್ತದೆ, ಸಮಯ ಉಳಿಯುವುದರಿಂದಲೇ ನಿಲ್ದಾಣದ ಸುತ್ತ ಆಸ್ತಿ ಬೆಲೆ ಏರುತ್ತದೆ. ಎರಡನ್ನೂ ಕೂಡಿಸಿದರೆ ಲಾಭ ಉಬ್ಬುತ್ತದೆ. ಉದ್ಯೋಗದ ಲೆಕ್ಕವೂ ಹೀಗೆಯೇ. ಹೊಸ ವಾಣಿಜ್ಯ ಸಂಕೀರ್ಣದಲ್ಲಿ ಬಂದ ಅಂಗಡಿಗಳು ಹಳೆಯ ಬೀದಿಯಿಂದ ಎದ್ದು ಬಂದವಾದರೆ ಅಲ್ಲಿ ಹುಟ್ಟಿದ್ದು ಹೊಸ ಉದ್ಯೋಗವಲ್ಲ, ಜಾಗ ಬದಲಾಯಿಸಿದ ಉದ್ಯೋಗ. ಯೋಜನೆಗೆ ಮುಂಚಿನ ಸ್ಥಿತಿಯನ್ನು ಯೋಜನೆಯ ನಂತರದ ಸ್ಥಿತಿಗೆ ಹೋಲಿಸುವುದೂ ತಪ್ಪು. ಯೋಜನೆ ಇಲ್ಲದಿದ್ದರೂ ನಗರ ಬೆಳೆಯುತ್ತಿತ್ತು. ಹೋಲಿಸಬೇಕಾದ್ದು ಯೋಜನೆ ಇದ್ದರೆ ಹೇಗೆ, ಇಲ್ಲದಿದ್ದರೆ ಹೇಗೆ ಎಂಬುದನ್ನು.

ಭೂಸ್ವಾಧೀನದ ಸಂದರ್ಭದಲ್ಲಿ ಮೌಲ್ಯದ ದಿನಾಂಕ ಮತ್ತು ಯೋಜನೆಯ ಪ್ರಭಾವ ಎರಡೂ ವಿವಾದಕ್ಕೆ ಬರುತ್ತವೆ. ಆಗ ಭಾರತದ ಪ್ರಕರಣಗಳಿಗೂ ಕೊನೆಯ ಮೇಲ್ಮನವಿ ನ್ಯಾಯಪೀಠವಾಗಿದ್ದ ಬ್ರಿಟಿಷ್ ಪ್ರಿವಿ ಕೌನ್ಸಿಲ್ 1939ರಲ್ಲಿ ವಿಶಾಖಪಟ್ಟಣದ ನೀರಿನ ಬುಗ್ಗೆಯಿದ್ದ ಜಮೀನಿನ ಪ್ರಕರಣದಲ್ಲಿ, ಜಮೀನಿಗಿರುವ ವಿಶೇಷ ಸಾಧ್ಯತೆಗೆ ಬೆಲೆ ಕಟ್ಟಬೇಕು, ಅದನ್ನು ಕೊಳ್ಳುವವರು ಸ್ವಾಧೀನ ಮಾಡಿಕೊಳ್ಳುವ ಸಂಸ್ಥೆಯೊಂದೇ ಆಗಿದ್ದರೂ ಬೆಲೆ ಇದೆ ಎಂದಿತು. ಅದೇ ಪ್ರಿವಿ ಕೌನ್ಸಿಲ್ 1947ರಲ್ಲಿ ಟ್ರಿನಿಡಾಡ್‌ನ ಪಾಯಿಂಟ್ ಗೂರ್ಡ್ ಪ್ರಕರಣದಲ್ಲಿ, ಸ್ವಾಧೀನಕ್ಕೆ ಕಾರಣವಾದ ಯೋಜನೆಯಿಂದಲೇ ಪೂರ್ತಿಯಾಗಿ ಹುಟ್ಟಿದ ಏರಿಕೆಯನ್ನು ಪರಿಹಾರದಲ್ಲಿ ಸೇರಿಸುವಂತಿಲ್ಲ ಎಂದಿತು. ಮೊದಲಿನಿಂದಲೂ ಜಮೀನಿಗಿದ್ದ ಸಾಧ್ಯತೆಗೆ ಪರಿಹಾರ ಕೊಡಬೇಕು, ಯೋಜನೆ ತಂದುಕೊಟ್ಟ ಏರಿಕೆಗೆ ಬೇಡ. ಈ ಎರಡರ ನಡುವಿನ ಗೆರೆ ಎಲ್ಲಿ ಎಳೆದಿದ್ದೇವೆ ಎಂದು ವರದಿ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನ್ಯಾಯಾಲಯದಲ್ಲಿ ವರದಿ ನಿಲ್ಲುವುದಿಲ್ಲ, ಭೂಮಿ ಕೊಟ್ಟವರೂ ವರ್ಷಗಟ್ಟಲೆ ಅಲೆಯುತ್ತಾರೆ.

ಸಾರ್ವಜನಿಕ ಹಣದಿಂದ ಏರಿದ ಮೌಲ್ಯದಲ್ಲಿ ಸಾರ್ವಜನಿಕರಿಗೂ ಪಾಲು ಬರಬೇಕಾದರೆ ಆ ಏರಿಕೆಯನ್ನು ಮೊದಲೇ ಅಳೆದಿಟ್ಟಿರಬೇಕು. ಹಾಂಗ್‌ಕಾಂಗ್‌ನಲ್ಲಿ ರೈಲು ನಿಗಮ ನಿಲ್ದಾಣದ ಮೇಲಿನ ಅಭಿವೃದ್ಧಿ ಹಕ್ಕಿಗೆ ರೈಲು ಬರುವ ಮೊದಲಿನ ಮೌಲ್ಯದ ಮೇಲೆ ಸರ್ಕಾರಕ್ಕೆ ಹಣ ಕಟ್ಟುತ್ತದೆ. ಡೆವಲಪರುಗಳ ಜೊತೆ ಸೇರಿ ಕಟ್ಟಿ, ರೈಲು ಬಂದಮೇಲಿನ ಏರಿಕೆಯಿಂದ ಮಾರ್ಗದ ಖರ್ಚನ್ನು ತುಂಬಿಕೊಳ್ಳುತ್ತದೆ. ಬ್ರೆಜಿಲ್‌ನ ಸಾವೊ ಪಾಲೊ ನಗರ ಹೆಚ್ಚುವರಿ ಕಟ್ಟಡ ಹಕ್ಕಿನ ಪ್ರಮಾಣಪತ್ರಗಳನ್ನು 2004ರಿಂದ ಷೇರು ವಿನಿಮಯ ಕೇಂದ್ರದಲ್ಲಿ ಹರಾಜು ಹಾಕುತ್ತಾ ಬಂದಿದೆ, ಬಂದ ಹಣ ಅದೇ ಪ್ರದೇಶದ ಕಾಮಗಾರಿಗೆ ಹೋಗುತ್ತದೆ. ಏರಿಕೆಯನ್ನು ಅಳೆಯಲು ಅಡಿಪಾಯ ಒಂದೇ: ಯೋಜನೆಗೆ ಮುಂಚಿನ ಮೌಲ್ಯವನ್ನು ಯಾರೂ ಆಮೇಲೆ ತಿದ್ದಲಾಗದ ಹಾಗೆ ದಾಖಲಿಸುವುದು. ಘೋಷಣೆಯಾಗಿ ಆರು ತಿಂಗಳ ನಂತರ ಮೌಲ್ಯಮಾಪನಕ್ಕೆ ಹೊರಟರೆ ಏರಿಕೆಯ ದೊಡ್ಡ ಪಾಲು ಆಗಲೇ ಕೈಬದಲಾಗಿರುತ್ತದೆ.

ಅಂದಾಜುಗಳು ಯಾವ ದಿಕ್ಕಿಗೆ ವಾಲುತ್ತವೆ ಎಂಬುದೂ ಈಗ ಗುಟ್ಟಾಗಿ ಉಳಿದಿಲ್ಲ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬ್ಯಾರ್ಗ್ ಮತ್ತು ಸಂಗಡಿಗರು 2002ರಲ್ಲಿ 20 ದೇಶಗಳ 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿದಾಗ ಹತ್ತರಲ್ಲಿ ಒಂಬತ್ತರಲ್ಲಿ ಖರ್ಚು ಅಂದಾಜು ಮೀರಿತ್ತು; ರೈಲು ಯೋಜನೆಗಳಲ್ಲಿ ಸರಾಸರಿ ಶೇ 45ರ ಹತ್ತಿರ. 2005ರಲ್ಲಿ ಪ್ರಯಾಣಿಕರ ಸಂಖ್ಯೆಯ ಅಂದಾಜುಗಳನ್ನು ನೋಡಿದಾಗ ರೈಲು ಯೋಜನೆಗಳಲ್ಲಿ ಅಂದಾಜು ನಿಜ ಸಂಖ್ಯೆಗಿಂತ ಸರಾಸರಿ ಶೇ 106ರಷ್ಟು ಹೆಚ್ಚಾಗಿತ್ತು. ತಪ್ಪು ಆಕಸ್ಮಿಕವಾಗಿದ್ದರೆ ಎರಡೂ ಕಡೆಗೆ ಸಮನಾಗಿ ಬೀಳಬೇಕಿತ್ತು. ಹೀಗೆ ಒಂದೇ ಕಡೆ ಬೀಳುವುದಕ್ಕೆ ಕಾರಣ, ಯೋಜನೆ ಆಗಲಿ ಎಂದು ಬಯಸುವವರೇ ಅಂದಾಜನ್ನೂ ಒದಗಿಸುವುದು. ಬ್ರಿಟನ್ನಿನ ಹಣಕಾಸು ಇಲಾಖೆ 2003ರಿಂದ ತನ್ನ ಮಾರ್ಗಸೂಚಿಯಲ್ಲೇ ಇದಕ್ಕೆ ಸ್ಪಷ್ಟ ತಿದ್ದುಪಡಿ ಕೇಳುತ್ತದೆ: ಹಿಂದೆ ಮುಗಿದ ಅದೇ ಬಗೆಯ ಯೋಜನೆಗಳಲ್ಲಿ ಖರ್ಚು ಎಷ್ಟು ಏರಿತ್ತೋ ಅದನ್ನು ನೋಡಿ ಹೊಸ ಅಂದಾಜನ್ನು ಮೊದಲೇ ಏರಿಸಿ. ನಿಮ್ಮ ಪ್ರಾಧಿಕಾರದ ಮುಗಿದ ಯೋಜನೆಗಳ ಅಂದಾಜು ವೆಚ್ಚ, ನಿಜ ವೆಚ್ಚ, ಮಾರಾಟಕ್ಕೆ ಹಿಡಿದ ಕಾಲ, ಇಷ್ಟನ್ನು ಒಂದು ಕಡೆ ಬರೆದಿಟ್ಟರೆ ಈ ತಿದ್ದುಪಡಿಗೆ ಬೇಕಾದ ಮಾಹಿತಿ ನಿಮ್ಮಲ್ಲೇ ಸಿಗುತ್ತದೆ.

ಇನ್ನು ಟೆಂಡರಿನ ವಿಷಯ. ಅತಿ ಕಡಿಮೆ ಶುಲ್ಕ ಹೇಳಿದವರಿಗೆ ಕೆಲಸ ಕೊಟ್ಟರೆ ಮಣ್ಣು ಪರೀಕ್ಷೆ, ಕ್ರಯಪತ್ರಗಳ ಪರಿಶೀಲನೆ, ಮಾರುಕಟ್ಟೆ ಸಮೀಕ್ಷೆ ಮೂರೂ ಕಾಗದದಲ್ಲೇ ಆಗಿಹೋಗುತ್ತವೆ, ಹಳೆಯ ವರದಿಯ ಹೆಸರು ಬದಲಾಯಿಸಿ ತಂದುಕೊಡುತ್ತಾರೆ. ಶುಲ್ಕವನ್ನು ಯೋಜನಾ ವೆಚ್ಚದ ಶೇಕಡಾವಾರು ಎಂದೋ, ಸಾಲ ಮಂಜೂರಾದ ಮೇಲೆ ಕೊಡುತ್ತೇವೆ ಎಂದೋ ಗೊತ್ತುಮಾಡಿದರೆ ‘ಈ ಯೋಜನೆ ಬೇಡ’ ಎಂದು ಬರೆಯುವ ಧೈರ್ಯ ಮಾಡಿದವರಿಗೆ ನೀವೇ ದಂಡ ಹಾಕಿದಂತೆ. ಶುಲ್ಕ ನಿಗದಿತ ಮೊತ್ತವಾಗಿರಲಿ, ಉತ್ತರ ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ಪೂರ್ತಿ ಸಲ್ಲಲಿ. ಕಾರ್ಯಸಾಧ್ಯತೆ ಬರೆದವರಿಗೇ ಮುಂದೆ ಯೋಜನಾ ನಿರ್ವಹಣೆಯ ಗುತ್ತಿಗೆ ಕೊಡಬೇಡಿ. ವರದಿಯ ಜೊತೆಗೆ ಸೂತ್ರಗಳು ತೆರೆದೇ ಇರುವ ಎಕ್ಸೆಲ್ ಫೈಲನ್ನೂ ಪಡೆಯಿರಿ. ಪಿಡಿಎಫ್ ಮಾತ್ರ ಕೈಯಲ್ಲಿದ್ದರೆ ಮಾರಾಟದ ದರವನ್ನು ಶೇ 10 ಇಳಿಸಿ ನೋಡುವುದಕ್ಕೂ ನೀವು ಕನ್ಸಲ್ಟೆಂಟಿನ ಮನೆಬಾಗಿಲಿಗೆ ಹೋಗಬೇಕಾಗುತ್ತದೆ.

ಊಹೆಗಳ ಪಟ್ಟಿ ಒಂದೇ ಪುಟದ್ದಾಗಿರಲಿ. ಸಾಲುಗಳು ಹತ್ತೋ ಹನ್ನೆರಡೋ ಸಾಕು: ಮಾರಬಹುದಾದ ಪಾಲು, ಮಾರಾಟದ ದರ, ವರ್ಷಕ್ಕೆ ಮಾರಾಟವಾಗುವ ಪ್ರಮಾಣ, ಕಾಮಗಾರಿ ವೆಚ್ಚ, ಅನಿರೀಕ್ಷಿತ ಖರ್ಚಿಗೆ ಮೀಸಲು, ಅನುಮತಿಗಳಿಗೆ ಬೇಕಾದ ತಿಂಗಳು, ಬಡ್ಡಿ, ಲಾಭಾಂಶ, ರಿಯಾಯಿತಿ ದರ, ಹೊರಗಿನ ಮೂಲಸೌಕರ್ಯ ಬರುವ ವರ್ಷ. ಪ್ರತಿ ಸಾಲಿನ ಎದುರು ಬಳಸಿದ ಅಂಕಿ, ಅದು ಎಲ್ಲಿಂದ ಬಂತು, ಯಾವ ದಿನಾಂಕದ್ದು ಎಂದು ಬರೆಯಿರಿ. ಅಂಕಿ ಪ್ರಾಧಿಕಾರ ಕೊಟ್ಟದ್ದೋ, ಡೆವಲಪರ್ ಕೊಟ್ಟದ್ದೋ, ಮೌಲ್ಯಮಾಪಕರು ಸ್ವತಃ ಪರಿಶೀಲಿಸಿದ್ದೋ ಎಂಬುದಕ್ಕೆ ಒಂದು ಕಾಲಂ ಇರಲಿ. ನಮಗೆ ಇದು ಎಲ್ಲಕ್ಕಿಂತ ಮುಖ್ಯವಾದ ಕಾಲಂ, ಯಾಕೆಂದರೆ ‘ಗ್ರಾಹಕರು ಒದಗಿಸಿದ ಮಾಹಿತಿಯನ್ನು ಆಧರಿಸಿದೆ’ ಎಂಬ ಒಂದು ಸಾಲಿನ ಹಿಂದೆ ಇಡೀ ಲೆಕ್ಕ ಅಡಗಿಕೊಳ್ಳುವುದು ಅಲ್ಲೇ ತಪ್ಪುತ್ತದೆ. ಕೊನೆಯ ಕಾಲಮಿನಲ್ಲಿ ಆ ಅಂಕಿ ಶೇ 10 ಕೆಟ್ಟರೆ ನಿವ್ವಳ ಮೌಲ್ಯ ಎಷ್ಟು ಬದಲಾಗುತ್ತದೆ, ಎಷ್ಟು ಕೆಟ್ಟರೆ ಯೋಜನೆ ಸೊನ್ನೆಗೆ ಬರುತ್ತದೆ ಎಂಬ ಎರಡು ಅಂಕಿ. ಮಾರಾಟದ ದರ ಶೇ 6 ಇಳಿದರೆ ಸೊನ್ನೆಗೆ ಬರುವ ಯೋಜನೆ ಮತ್ತು ಶೇ 30 ಇಳಿದರೂ ನಿಲ್ಲುವ ಯೋಜನೆ ಎರಡೂ ಕೊನೆಯ ಪುಟದಲ್ಲಿ ಒಂದೇ ಐಆರ್‌ಆರ್ (ಹಾಕಿದ ಹಣಕ್ಕೆ ಬರುವ ವಾರ್ಷಿಕ ಆಂತರಿಕ ಪ್ರತಿಫಲ ದರ) ತೋರಿಸಬಹುದು. ಸದಸ್ಯರು ಮತ ಹಾಕಬೇಕಾದ್ದು ಆ ವ್ಯತ್ಯಾಸವನ್ನು ನೋಡಿ.

ಗೌಪ್ಯತೆಯ ಆಕ್ಷೇಪ ಬರುತ್ತದೆ ಎಂದು ಗೊತ್ತು. ಹರಾಜಿಗಿಡುವ ಆಸ್ತಿಯ ಕನಿಷ್ಠ ಬೆಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಇಡಬೇಕು, ಅದು ನ್ಯಾಯವೇ. ಆದರೆ ರಸ್ತೆಗೆ ಎಷ್ಟು ಜಾಗ ಬಿಡುತ್ತೀರಿ, ವರ್ಷಕ್ಕೆ ಎಷ್ಟು ಮಾರಾಟವಾಗುತ್ತದೆ ಎಂದುಕೊಂಡಿದ್ದೀರಿ, ಮೆಟ್ರೊ ಯಾವ ವರ್ಷ ಬರುತ್ತದೆ ಎಂದು ಹಿಡಿದಿದ್ದೀರಿ ಎಂಬುದರಲ್ಲಿ ವ್ಯಾಪಾರದ ಗುಟ್ಟು ಯಾವುದೂ ಇಲ್ಲ. ಆ ಜಾಗದ ಸುತ್ತ ಬದುಕುವವರು, ಅಲ್ಲೇ ವ್ಯಾಪಾರ ಮಾಡುವವರು ಪಟ್ಟಿಯನ್ನು ನೋಡಿದರೆ ಕನ್ಸಲ್ಟೆಂಟಿಗೆ ಕಾಣದ ತಪ್ಪುಗಳನ್ನು ಬಹುಬೇಗ ಹಿಡಿಯುತ್ತಾರೆ. ಮಳೆಗಾಲದಲ್ಲಿ ಎಲ್ಲಿಯವರೆಗೆ ನೀರು ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಸರ್ವೆ ನಕ್ಷೆಗೂ ಗೊತ್ತಿರುವುದಿಲ್ಲ, ಮತ್ತು ಅದು ಮಾರಬಹುದಾದ ಪಾಲಿನ ಸಾಲನ್ನು ನೇರವಾಗಿ ತಟ್ಟುತ್ತದೆ.

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿರುವ ಒಂದು ಯೋಜನೆಯಿಂದಲೇ ಶುರು ಮಾಡಬಹುದು. ಅದರ ಊಹೆಗಳ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಕಚೇರಿಯ ಫಲಕದಲ್ಲೂ ಜಾಲತಾಣದಲ್ಲೂ ಹಾಕಿ, ಆಕ್ಷೇಪಣೆಗೆ 30 ದಿನ ಕೊಡಿ. ಬಂದ ಆಕ್ಷೇಪಣೆಗಳಿಗೆ ವರದಿ ಬರೆದವರಿಂದಲೇ ಲಿಖಿತ ಉತ್ತರ ಪಡೆದು ಕಡತಕ್ಕೆ ಸೇರಿಸಿ, ಅಂಕಿ ಬದಲಾಯಿಸಬೇಕಾದಲ್ಲಿ ಬದಲಾಯಿಸಿ, ಆಮೇಲೆ ಮತಕ್ಕೆ ಹಾಕಿ. ಯೋಜನೆ ಮುಗಿದ ಮೂರನೇ ವರ್ಷ ಅದೇ ಪಟ್ಟಿಗೆ ‘ನಿಜವಾಗಿ ಆದದ್ದು’ ಎಂಬ ಇನ್ನೊಂದು ಕಾಲಂ ಸೇರಿಸಿ ಮತ್ತೆ ಪ್ರಕಟಿಸಿ.

ವಂದನೆಗಳೊಂದಿಗೆ,

ಆಸ್ತಿ ಮೌಲ್ಯಮಾಪನ ಮತ್ತು ಯೋಜನಾ ಕಾರ್ಯಸಾಧ್ಯತಾ ಅಧ್ಯಯನದಲ್ಲಿ ತೊಡಗಿರುವ ವೃತ್ತಿನಿರತರು